ಬಾವುಟ ಇಳಿದ ಹಡಗು

"ಏಯ್ ಹುಲಿಗೆಮ್ಮ, ಈಚೆ ಬಾರೇ ಮುಂಡೆ! ಆ ಕಕ್ಕಸು ಗೆಸ್ಟುಗಳಿಗೆ ಕಟ್ಸಿದ್ದು, ನಿಮ್ಮಂಥ ದರಿದ್ರದೋರಿಗಲ್ಲ."

ಬಾಗಿಲಿಗೆ ಕೈಯಿಟ್ಟಿದ್ದ ಹುಲಿಗೆಮ್ಮ ನಿಂತಳು. ಆ ಕಕ್ಕಸಿನ ಒಂದೊಂದು ಟೈಲ್ಸನ್ನೂ ತಲೆಯ ಮೇಲೆ ಹೊತ್ತು ತಾರಸಿಗೆ ಹತ್ತಿಸಿದ್ದು ಅವಳೇ.

"ಮತ್ತೆಲ್ಲಿಗೆ ಹೋಗ್ಬೇಕ್ರೀ ಸಾವ್ಕಾರ್ರೆ?"

"ಬೇಲಿ ಆಚೆ ಕಾಡಿಲ್ವೇನೆ?"

"ಕಾಡಲ್ಲಿ ಉಣುಗು ಅದಾವ್ರೀ. ನಮ್ ಜತೆ ಗಾರೆ ಹೊರ್ತಿದ್ದ ಯಮುನಮ್ಮಂಗೆ ಕಚ್ಚಿ, ಮಂಗನ ಕಾಯಿಲೆ ಬಂದು, ಆಸ್ಪತ್ರೆ ಸೇರ್ಯಾಳೆ."

"ನಿನ್ನ ಕಚ್ಚಿದ್ರೆ ಉಣುಗೇ ಸಾಯ್ತೈತೆ, ಹೋಗು."

ಸಾವ್ಕಾರ ಸದಾಶಿವಪ್ಪನಿಗೆ ಹಡಗಿನ ಹುಚ್ಚು ಹತ್ತಿದ್ದು ಪಾಂಡಿಚೇರಿ ಪ್ರವಾಸದಲ್ಲಿ. ಅಲ್ಲಿ ಗೋಡೆಯೊಂದರ ಮೇಲೆ ಇನ್ನೂರೈವತ್ತು ವರ್ಷದ ಹಿಂದಿನ ಫ್ರೆಂಚ್ ಯುದ್ಧದ ಹಡಗಿನ ಚಿತ್ರ ಕಂಡದ್ದೇ ತಡ, ಸಮುದ್ರದ ಗಾಳಿಯೂ ಸೋಕದ ಆನವಟ್ಟಿ ರಸ್ತೆಯಲ್ಲಿ ಸಿಮೆಂಟಿನ ಹಡಗು ಎದ್ದಿತು. ಕೆಳಗೆ ಹೋಟೆಲು, ಮೇಲೆ ಲಾಡ್ಜು. ಎಪ್ಪತ್ನಾಲ್ಕು ಫಿರಂಗಿಗಳ ಜಾಗದಲ್ಲಿ ಕಪ್ಪು ಬಳಿದ ಎಪ್ಪತ್ನಾಲ್ಕು ಪಿವಿಸಿ ಪೈಪು. ಕಂಬದ ತುದಿಗೆ ಅವನದೇ ಫೋಟೋ ಅಚ್ಚಾದ ಬಾವುಟ.

ಉದ್ಘಾಟನೆಯ ಭಾಷಣ ಗಂಗಾಧರಪ್ಪ ಮೇಷ್ಟ್ರು ಬರೆದುಕೊಟ್ಟದ್ದು. ಸದಾಶಿವಪ್ಪ ತಿಂಗಳಿಡೀ ತಾರಸಿಯಲ್ಲಿ ನಿಂತು ಬಾಯಿಪಾಠ ಹೊಡೆದ. ಅವನಿಗೆ ಬರಲಿಲ್ಲ, ಗಾರೆ ಹೊರುತ್ತ ಕೇಳಿದ ಹೆಂಗಸರಿಗೆ ಬಂತು.

ಉದ್ಘಾಟನೆಯ ದಿನ ತಾರಸಿಯಲ್ಲಿ ತಾಲ್ಲೂಕಿನ ಸಾಹೇಬರು ಎರಡು ಎಳನೀರು ಕುಡಿದು ಕೂತಿದ್ದರು. ಸದಾಶಿವಪ್ಪ ಮೈಕು ಹಿಡಿದ. "ಫ್ರಾನ್ಸಿನೋರು ಕಟ್ಟಿದ ಹಡಗು ಹದಿನೈದು ವರ್ಷ ಸಮುದ್ರ ಆಳ್ತು. ಆಮೇಲೆ... ಆಮೇಲೆ..."

"ಆಮೇಲೆ ಇಂಗ್ಲಿಷರ ಕೈಲಿ ಏಟು ತಿಂತು," ಕೆಳಗಿನಿಂದ ಹುಲಿಗೆಮ್ಮ ಎತ್ತಿಕೊಟ್ಟಳು. "ಬಾವುಟ ಇಳೀತು. ಇಳಿದ ಮ್ಯಾಲೆ ಹಡಗು ಗೆದ್ದೋರದ್ದು. ಅವ್ರು ಬ್ಯಾರೆ ಹೆಸರಿಟ್ರು, ಕೊನೀಗೆ ಜೈಲು ಮಾಡಿದ್ರು, ಆಮೇಲೆ ಒಡೆದು ಸೌದೆ ಮಾಡಿದ್ರು. ಹೌದಲ್ರೀ ಮೇಷ್ಟ್ರೇ?"

"ಸರಿಯಾಗೈತಮ್ಮ," ಎಂದುಬಿಟ್ಟರು ಮೇಷ್ಟ್ರು. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಲ್ಲುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಕಂಬದ ಹಗ್ಗ ಎಳೆದಿದ್ದಳು. ಸದಾಶಿವಪ್ಪನ ಮುಖ ಮಡಿಕೆ ಬಿದ್ದು ಕೆಳಗಿಳಿಯಿತು. ಕೆಲಸಕ್ಕೆಂದು ಸೀರೆಯ ಮೇಲೆ ತೊಡುತ್ತಿದ್ದ ಗಂಡನ ಹಳೇ ಅಂಗಿಯನ್ನು ಬಿಚ್ಚಿ ಕಟ್ಟಿದಳು. ಸಿಮೆಂಟು ಮೆತ್ತಿದ ಎರಡೂ ತೋಳು ಬೀಸುತ್ತ ಅದು ಮೇಲೇರಿತು.

"ಏಯ್! ಪೊಲೀಸ್ ಕರೀತೀನಿ!"

"ಕರೀರಿ. ಬಾವುಟ ಇಳಿದೈತೆ. ಇವತ್ತಿಂದ ಹಡಗಿನ ಹೆಸರು ಯಮುನಮ್ಮ."

ಹುಲಿಗೆಮ್ಮ ಕಕ್ಕಸಿಗೆ ಹೊಕ್ಕಳು, ಚಿಲಕ ಒಳಗಿನಿಂದ ಬಿತ್ತು. ಹೊರಗೆ ಗಾರೆ ಹೊತ್ತಿದ್ದ ಎಂಟು ಹೆಂಗಸರು ಸಾಲಾಗಿ ನಿಂತರು. ಎರಡು ಎಳನೀರಿನ ಸಾಹೇಬರು ಕಾಲು ಹೊಸೆಯುತ್ತ ಬಂದರು. ಸದಾಶಿವಪ್ಪನನ್ನು ನೋಡಿದರು, ಬೇಲಿಯಾಚೆಯ ಕಾಡು ನೋಡಿದರು, ಆಮೇಲೆ ಒಂಬತ್ತನೆಯವರಾಗಿ ಸಾಲಿನಲ್ಲಿ ನಿಂತರು.