ದಾವಲಬಿಯ ಹಾರ್ಬರ್ ಲೈನು

ಮೂರನೇ ಮಹಡಿಯ ಗ್ಯಾಲರಿಯಲ್ಲಿ ಬಿಸಿನೀರಿನ ಬಕೀಟು ಕೈಯಿಂದ ಕೈಗೆ ಓಡುತ್ತಿತ್ತು. ಬೋರೆ ಎಲೆ ಹಾಕಿ ಕುದಿಸಿದ ನೀರು. ಬೈಕುಲ್ಲಾದ ಆ ಚಾಳಿನಲ್ಲಿ ಒಂದು ಬಕೀಟಿಗಾಗಿ ಮೂರು ತಲೆಮಾರು ಜಗಳವಾಡಿದೆ. ಇವತ್ತು, ತೀರಿಕೊಂಡ ದಾವಲಬಿಯ ಮೈ ತೊಳೆಯಲೆಂದು ನಲವತ್ತು ಮನೆಗಳೂ ಪೀಪಾಯಿ ಬರಿದು ಮಾಡಿ ಅರಬ್ಬೀ ಸಮುದ್ರವನ್ನೇ ಮೇಲಕ್ಕೆ ಹತ್ತಿಸುತ್ತಿದ್ದವು.

"ಸಾಕು ಮಾಡ್ರಿ! ಗುಸ್ಲ್ ಮಾಡಸೋದದ, ಮುಳುಗಸೋದಲ್ಲ," ಎಂದು ಗದರಿದಳು ಗೋರೆಗಾಂವಿನಿಂದ ಬಂದಿದ್ದ ಅವಳ ತಂಗಿ ಶಬ್ರೀನ. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಂತವಳತ್ತ ತಿರುಗಿದಳು. "ಸೈಮಾ, ಒಳಗ ಬಾ. ಮಗಳ ಕೈಲೇ ಆಗಬೇಕಂತ ನಿಮ್ಮವ್ವ ಹೇಳ್ಯಾಳ."

"ನನ್ ಕೈಲಿ ಆಗಲ್ಲ ಖಾಲಾ. ಆಪ್ ಹೀ ಕರೋ."

"ಹೊಟ್ಟಿ ಸೀಳ್ರಿ ಅಂತ ಸಹಿ ಮಾಡೂವಾಗ ಆಗಿತ್ತಲ್ಲ?"

ಬಕೀಟುಗಳು ನಿಂತವು. ಪಕ್ಕದ ಖೋಲಿಯ ಹಾಲವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಏ ಶಬ್ರೀನ, ಬಾಯಿ ಮುಚ್ಚ. ಆ ಸಹಿಯಿಂದ ನಿಮ್ಮಕ್ಕ ಇನ್ನೂ ನಾಕ ವರ್ಷ ನನ್ನ ಕೂಡ ಜಗಳಾಡ್ಯಾಳ. ದಿನಾ!"

*

ದಾವಲಬಿ ಸ್ಟೇಷನ್ನಿನ ಹೊರಗೆ ಕಲೇಜಿ, ಅಂದರೆ ಆಡಿನ ಲಿವರ್, ಹುರಿದು ಮಾರುತ್ತಿದ್ದಳು. ಆ ವಾಸನೆಗೆ ಮೇಲ್ ಗಾಡಿಯ ಡ್ರೈವರುಗಳೂ ಬೈಕುಲ್ಲಾದಲ್ಲಿ ವೇಗ ತಗ್ಗಿಸುತ್ತಿದ್ದರು. ನಂಬದವರು ಹೋಗಿ ಡ್ರೈವರುಗಳನ್ನೇ ಕೇಳಬಹುದು. ಮೂವತ್ತು ವರ್ಷದಲ್ಲಿ ಅವಳ ಚಾಕುವಿನಡಿ ಹಾದ ಆಡಿನ ಕಲೇಜಿಗಳನ್ನು ಸಾಲಾಗಿಟ್ಟರೆ ವಿಜಯಪುರ ಮುಟ್ಟಿ ವಾಪಸ್ ಬರುತ್ತಿತ್ತು.

ಅಂಥವಳ ಅಂಡಾಶಯದ ಕ್ಯಾನ್ಸರು ಹೊಟ್ಟೆಯೆಲ್ಲ ಹರಡಿ ಅವಳ ಕಲೇಜಿಗೇ ಕೈ ಹಾಕಿತ್ತು.

ಆಸ್ಪತ್ರೆಯಲ್ಲಿ ಮೈಸೂರು ಕಡೆಯ ಡಾಕ್ಟರ್ ರಂಜನಿ ಕಾಗದದ ಮೇಲೆ ಚಿತ್ರ ಬರೆದರು. "ಹೊಟ್ಟೇಲಿರೋ ಗಂಟೆಲ್ಲ ತೆಗೆದು, ಲಿವರ್‌ನಲ್ಲಿ ಮೂರನೇ ಒಂದು ಭಾಗ ಕತ್ತರಿಸ್ಬೇಕು. ಉಳಿದಿದ್ದು ಮತ್ತೆ ಬೆಳೆಯುತ್ತೆ."

"ಬೆಳಿತದಾ?" ದಾವಲಬಿಯ ಕಣ್ಣು ಹೊಳೆಯಿತು. "ಅಂಥಾ ಆಡು ಎಲ್ಲಿ ಸಿಗತಾವ್ರೀ?"

ಡಾಕ್ಟರು ನಕ್ಕರು, ಮತ್ತೆ ಗಂಭೀರವಾದರು. "ಸುಳ್ಳು ಹೇಳಲ್ಲ. ದೊಡ್ಡ ಆಪರೇಷನ್ನು. ಕಾಯಿಲೆ ವಾಪಸ್ ಬರ್ಬೋದು. ಸಿಕ್ಕಿದ್ರೆ ಕೆಲವು ವರ್ಷ ಸಿಗತ್ತೆ."

"ಈಕಿ ಹೂಂ ಅಂದ್ರ ನಂದೂ ಹೂಂ," ಎಂದು ದಾವಲಬಿ ಮಗಳನ್ನು ತೋರಿಸಿದಳು.

ಸೈಮಾ ಹೂಂ ಅಂದಳು. ಅವ್ವ ಹೆಬ್ಬೆಟ್ಟು ಒತ್ತಿದಳು, ಮಗಳು ಕೆಳಗೆ ಸಹಿ ಹಾಕಿದಳು.

"ಪಿತ್ತ ಸೋರಿಸಬ್ಯಾಡ್ರಿ ಡಾಕ್ಟರ್‌ಬಾಯಿ. ಎಲ್ಲಾ ಕಹಿ ಆಗ್ತದ," ಎಂದು ದಾವಲಬಿ ಮೂವತ್ತು ವರ್ಷದ ವಿದ್ಯೆ ಧಾರೆಯೆರೆದಳು.

ಆಪರೇಷನ್ನು ಒಂಬತ್ತು ಗಂಟೆ ನಡೆಯಿತು. ಆದರೂ ಪಿತ್ತ ಸೋರಿತು. ಹಾಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಲಪಕ್ಕೆಗೆ ನಳಿಕೆ ಹಾಕಿ ನಲವತ್ತೊಂದು ದಿನ ಮಲಗಿಸಿದರು. ಹೊರಗಿನ ಬೆಂಚಿನ ಮೇಲೆ ಕೂತು ಸೈಮಾ ಅವ್ವನ ನರಳಿಕೆಯನ್ನೆಲ್ಲ ಕೇಳಿದಳು.

*

ಮನೆಗೆ ಬಂದ ದಾವಲಬಿ ಎಲ್ಲರಿಗೂ ಗಾಯವನ್ನು ಮುಂಬಯಿಯ ಲೋಕಲ್ ರೈಲಿನ ನಕ್ಷೆಯಂತೆ ತೋರಿಸಿದಳು. ಲೇಡೀಸ್ ಡಬ್ಬಿಯಲ್ಲಿ ಕುರ್ತಾ ಎತ್ತಿದರೆ ಸಾಕು, ಹತ್ತು ಸೀಟು ಒಟ್ಟಿಗೇ ಖಾಲಿಯಾಗುತ್ತಿದ್ದವು.

"ಎದಿ ಕೆಳಗ ವೀಟಿ. ಸೀದಾ ಇಳದ್ರ ಕಲ್ಯಾಣ. ನಡುವ ಇದು ಕುರ್ಲಾ. ಇಲ್ಲಿಂದ ಬಲಕ್ಕ ಹೊಳ್ಳಿದ್ದು ಹಾರ್ಬರ್ ಲೈನು. ಕಲೇಜಿಗೆ ಹೋಗೂದು ಇದ ಲೈನಿನಾಗ." ನಳಿಕೆಯ ಗುಳಿಗೆ ಪನ್ವೇಲ್ ಎಂದು ಹೆಸರಿಟ್ಟಿದ್ದಳು. ಹೊಲಿಗೆಯ ಗುರುತುಗಳೆಲ್ಲ ಸ್ಟೇಷನ್ನುಗಳು.

ಇಡೀ ಮುಂಬಯಿ ನೋಡಿದ ಆ ಲೈನನ್ನು ನೋಡದವಳು ಸೈಮಾ ಒಬ್ಬಳೇ. ಅವ್ವ ಕುರ್ತಾ ಎತ್ತಿದೊಡನೆ ಅವಳು ಗೋಡೆಯತ್ತ ತಿರುಗುತ್ತಿದ್ದಳು. ಕಾಯಿಲೆ ಮರಳಿ ಬಂದ ಮೇಲೂ, ಕೊನೆಯ ವಾರದಲ್ಲೂ.

*

"ನನ್ನಿಂದ ಅಷ್ಟು ದರ್ದ್ ಆಯ್ತು ಅಮ್ಮೀಗೆ," ಎಂದಳು ಸೈಮಾ, ಬಾಗಿಲ ಚೌಕಟ್ಟು ಬಿಡದೆ, ಹಾಲವ್ವನಿಗೆ ಮಾತ್ರ ಕೇಳುವಂತೆ. "ನಾನು ಹೆಂಗ್ ನೋಡ್ಲಿ?"

ಹಾಲವ್ವ ಅವಳ ತೋಳು ಹಿಡಿದಳು. "ನಾನೂ ಇದನ್ನ ಕೇಳಿದ್ದೆ ನಿಮ್ಮವ್ವಗ. ಪೋರಿ ನೋಡಲಾರದು, ಯಾಕ ಅದಕ್ಕ ಈ ಕೆಲಸ ಹಚ್ತಿ ಅಂದೆ. ನಕ್ಕಳು. 'ಮ್ಯಾಲ ಚಾದರ ಇರ್ತದಲ್ಲ ಹಾಲವ್ವಾ, ನೋಡೂದು ಬ್ಯಾಡ. ಮುಟ್ಟಿದ್ರ ಸಾಕು, ಈ ನಾಕ ವರ್ಷಾನ ನನಗ ಎಷ್ಟು ಗಟ್ಟಿ ಹೊಲದ ಕೊಟ್ಟಿದ್ರು ಅಂತ ತಿಳೀತದ' ಅಂದ್ಲು."

ಶಬ್ರೀನ ತುಟಿ ಕಚ್ಚಿ ಬಕೀಟು ಎತ್ತಿಕೊಂಡಳು. ಸೈಮಾ ಒಳಗೆ ಬಂದಳು. ಹಲಗೆಯ ಮೇಲೆ ಅವ್ವ ಮಲಗಿದ್ದಳು, ಎದೆಯಿಂದ ಮೊಣಕಾಲಿನವರೆಗೆ ದಪ್ಪ ಚಾದರ. ಶಬ್ರೀನ ಸೈಮಾಳ ಕೈಗೆ ಬಟ್ಟೆ ಸುತ್ತಿದಳು.

"ಬಲಗಡೆಯಿಂದ ಶುರು ಮಾಡಬೇಕು ಬೇಟಾ," ಎಂದಳು. ಈಗ ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. "ಅದು ರಿವಾಜು."

ಸೈಮಾಳ ಕೈ ಚಾದರದಡಿ ಹೋಗಿ ಬಲಪಕ್ಕೆಯ ಗುಳಿಯಲ್ಲಿ ನಿಂತಿತು. ಶಬ್ರೀನ ನೀರು ಹೊಯ್ದಳು. ಕೈ ಹೊರಟಿತು. ಸ್ವಲ್ಪ ದೂರ ಹೋಗಿ ನಿಂತಿತು; ಶಬ್ರೀನ ಚೊಂಬು ಹಿಡಿದು ಕಾದಳು. ಮತ್ತೆ ಹೊರಟಿತು. ಒದ್ದೆ ಚಾದರದಡಿ ಆ ಸಣ್ಣ ಉಬ್ಬು ಒಂದೊಂದು ಸ್ಟೇಷನ್ನಿನಲ್ಲೂ ನಿಂತು, ಹೊರಟು, ಕುರ್ಲಾದತ್ತ ಹೋಗುತ್ತಿತ್ತು.