ದಿವಾಕರನ ಪಥ್ಯ

ಗಂಜಿತಿಳಿಯ ಚೆಂಬನ್ನು ನಾಗವೇಣಿ ಬಚ್ಚಲಿಗೆ ಕವುಚಿದಳು. ಅಷ್ಟು ಸಾಲದೆಂಬಂತೆ ಚೆಂಬನ್ನೂ ಅಲ್ಲಿಗೇ ಎಸೆದಳು. ಅದು ಠಣಠಣ ಉರುಳಿ ಮೂಲೆ ಸೇರಿತು.

"ಎಂತ ಮಾಡಿದ್ದು ನೀನು?" ಮಂಚದಿಂದ ಗಂಡ ದಿವಾಕರ ಕೇಳಿದ. "ಅಣ್ಣನಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ. ಗೊತ್ತಾಗ್ಲಿಕ್ಕೇ ಚೆಲ್ಲಿದ್ದು."

ಕೆಳಗೆ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಏರುತ್ತಿತ್ತು. ಅಹಮದಾಬಾದಿನ ಅಂಚಿನ ನರೋಡಾದಲ್ಲಿ ಆಗ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತುತ್ತಿದ್ದವು. ಅಲ್ಲಿನ ಕೆಲಸಗಾರರಿಗೆಲ್ಲ ದಿವಾಕರನ ಅಣ್ಣ ದಾಮೋದರನ ಹೋಟೆಲೇ ಗತಿ. ಹಂಡೆಯಲ್ಲಿ ತೊಗರಿಬೇಳೆ ಬೇಯುವ ಘಮ ಮೆಟ್ಟಿಲು ಹತ್ತಿ ಮನೆಯೊಳಗೆ ಬರುತ್ತಿತ್ತು. ಬೀದಿಗೆಲ್ಲ ಬೇಳೆ ಬಡಿಸುವ ಮನೆ, ಆ ಮನೆಯ ತಮ್ಮನಿಗೆ ಮಾತ್ರ ಅಕ್ಕಿ ಬೇಯಿಸಿದ ನೀರು! ಈ ಚೆಂದವನ್ನು ಯಾರ ಹತ್ತಿರ ಹೇಳುವುದು?

ದಿವಾಕರನಿಗೆ ಟೈಫಾಯ್ಡ್ ಬಂದದ್ದು ಚಳಿಗಾಲದಲ್ಲಿ. ಈಗ ಅಹಮದಾಬಾದಿನ ಬಿಸಿಲಿಗೆ ಡಾಂಬರು ಕರಗುತ್ತಿತ್ತು. ಜ್ವರ ಯಾವತ್ತೋ ಬಿಟ್ಟಿದ್ದರೂ ಪಥ್ಯ ಬಿಟ್ಟಿರಲಿಲ್ಲ. ಬೇಳೆ ವಾಯು, ಮೊಸರು ತಂಪು, ಹಾಲು ಕಫ, ಎದ್ದು ಓಡಾಡಿದರೆ ಆಯಾಸ. ಹೋಟೆಲಿನ ದೊಡ್ಡ ರುಬ್ಬುವ ಕಲ್ಲನ್ನು ಒಬ್ಬನೇ ಸರಿಸುತ್ತಿದ್ದ ಮನುಷ್ಯ ಈಗ ಕೂತಲ್ಲಿಂದ ಏಳಲು ಹೆಂಡತಿಯ ಹೆಗಲು ಹುಡುಕುತ್ತಿದ್ದ.

ದಾಮೋದರ ಕೆಟ್ಟವನಲ್ಲ. ನಾಗವೇಣಿಯ ಹೊಟ್ಟೆ ಉರಿಸುತ್ತಿದ್ದದ್ದೇ ಅದು. ಕೆಟ್ಟವನಾಗಿದ್ದರೆ ಬಾಯ್ತುಂಬ ಬೈದು ಹಗುರಾಗಬಹುದಿತ್ತು. ಈತನೋ, ಗಲ್ಲಾ ಬಿಟ್ಟು ಬಂದು ತಾನೇ ಗಂಜಿ ಬಸಿದು, ತಾನೇ ಆರಿಸಿ, ತಾನೇ ಮೇಲೆ ಹೊತ್ತು ತರುತ್ತಿದ್ದ. ಹಿಂದೆ ಊರಿನಲ್ಲಿ ಇವರಿಬ್ಬರ ನಡುವಿನ ತಮ್ಮ ಇದೇ ಜ್ವರದಲ್ಲಿ ಮಲಗಿದ್ದಾಗ, ಹಸಿವೆಂದು ಅತ್ತನೆಂದು ದಾಮೋದರ ಅಮ್ಮನ ಕಣ್ಣು ತಪ್ಪಿಸಿ ಅವನಿಗೆ ಕಡುಬು ತಿನ್ನಿಸಿದ್ದನಂತೆ. ಮರುದಿನ ಹುಡುಗ ತೀರಿಕೊಂಡ. ಅಂದಿನಿಂದ ದಾಮೋದರನಿಗೆ ಜ್ವರದವರ ಬಾಯಿಗೆ ಬೀಳುವ ಒಂದೊಂದು ಅಗುಳೂ ವಿಷ.

ನಿನ್ನೆ ಅವನು ಸಾಮಾನು ತರಲು ಪೇಟೆಗೆ ಹೋದಾಗ ನಾಗವೇಣಿ ಪಕ್ಕದ ಬೀದಿಯ ಪರೀಖ್ ಡಾಕ್ಟರನ್ನು ಕರೆಸಿದ್ದಳು. ಅವರು ದಿವಾಕರನ ತೊಡೆ ಹಿಂಡಿ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅವಳಿಗೆ ತಿಳಿಯುವಂತೆ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು.

"ಇವರಿಗೆ ಈಗಿರೋದು ರೋಗ ಅಲ್ಲ ಬೆಹನ್, ಉಪವಾಸ. ಊಟದಲ್ಲಿ ಪ್ರೋಟೀನು ಸಿಗದಿದ್ದರೆ ದೇಹ ಸುಮ್ಮನಿರೋದಿಲ್ಲ, ತನ್ನ ಸ್ನಾಯುವನ್ನೇ ಒಡೆದು ಬದುಕುತ್ತೆ. ಜ್ವರ ಒಂದಷ್ಟು ತಿಂತು, ಹಾಸಿಗೆ ಒಂದಷ್ಟು ತಿಂತು. ಉಳಿದದ್ದನ್ನ ನಿಮ್ಮ ಗಂಜಿ ತಿಂತಾ ಇದೆ. ಹೃದಯವೂ ಸ್ನಾಯುವೇ, ತಿಳೀತಾ? ಬೇಳೆ ಕೊಡಿ, ಹಾಲು ಕೊಡಿ. ಎಬ್ಬಿಸಿ ನಡೆಸಿ."

ರಾತ್ರಿ ದಿವಾಕರ ತೊದಲುತ್ತಾ ಅದನ್ನೆಲ್ಲ ಅಣ್ಣನಿಗೆ ಒಪ್ಪಿಸಿದ. ದಾಮೋದರ ಕೇಳಿದ್ದು ಒಂದೇ ಮಾತು. "ಆ ಡಾಕ್ಟರ ತಮ್ಮ ಯಾರಾದ್ರೂ ಸತ್ತಿದ್ದಾನಾ?" ಇಂದು ಮತ್ತೆ ಅದೇ ಚೆಂಬು ಬಂತು.

ನಾಗವೇಣಿ ಸೆರಗು ಸಿಕ್ಕಿಸಿ, ದೊಡ್ಡ ಬಟ್ಟಲು ಹಿಡಿದು ಮೆಟ್ಟಿಲಿಳಿದಳು. ಮನೆಯ ಹೆಂಗಸರು ಗಿರಾಕಿಗಳ ಹೊತ್ತಿನಲ್ಲಿ ಹೋಟೆಲಿಗೆ ಕಾಲಿಡುತ್ತಿರಲಿಲ್ಲ. ಭಾವನ ಮುಖ ನೋಡಿ ಅವಳು ಮದುವೆಯಾದಂದಿನಿಂದ ಒಂದು ಮಾತೂ ಆಡಿರಲಿಲ್ಲ. ಬಾಗಿಲ ಮರೆಯಿಂದ ಹೂಂ, ಉಹೂಂ, ಅಷ್ಟೇ. ಈಗ ಊಟಕ್ಕೆ ಕೂತವರ ನಡುವೆ ಹಾದು ನೇರ ಒಲೆಯ ಬಳಿಗೆ ಹೋದಳು.

"ಭಟ್ರೇ, ತಳದಿಂದ ಗಟ್ಟಿ ಬೇಳೆ ಹಾಕಿ. ತುಪ್ಪವೂ ಹಾಕಿ."

ಅಡುಗೆಯ ಭಟ್ಟರು ಸೌಟು ಹಿಡಿದುಕೊಂಡು ಗಲ್ಲಾದ ಕಡೆ ನೋಡಿದರು. ದಾಮೋದರ ಎದ್ದು ನಿಂತಿದ್ದ.

"ಯಾರಿಗೆ ಅದು?"

"ನಿಮ್ಮ ತಮ್ಮನಿಗೆ."

"ಕೊಲ್ತೀಯಾ ಅವನನ್ನು?"

"ಕೊಲ್ತಾ ಇರುದು ನೀವು ಭಾವ!" ಅವಳು ಬಟ್ಟಲನ್ನು ಮುಂದೆ ಚಾಚಿದಳು. "ಪ್ರೀತಿಯಿಂದ, ದಿನಾ ಒಂದೊಂದು ಚೆಂಬು. ಒಬ್ಬ ತಿಂದು ಸತ್ತ ಅಂತ ಇನ್ನೊಬ್ಬನಿಗೆ ತಿನ್ಲಿಕ್ಕೆ ಕೊಡದೆ ಸಾಯಿಸ್ತೀರಾ? ನಿಮ್ಮ ಬೇಳೆ ತಿಂದು ಇವರೆಲ್ಲ ಕಬ್ಬಿಣ ಎತ್ತುತ್ತಾರೆ. ನನ್ನ ಗಂಡನಿಗೆ ಲೋಟ ಎತ್ಲಿಕ್ಕೆ ಆಗುದಿಲ್ಲ!"

ಕನ್ನಡ ಬಾರದವರಿಗೂ ಅಷ್ಟು ಅರ್ಥವಾಯಿತು. ನಾಗವೇಣಿ ಭಟ್ಟರ ಕೈಯಿಂದ ಸೌಟು ಕಿತ್ತುಕೊಂಡು ತಾನೇ ಅನ್ನ, ಬೇಳೆ ಬಡಿಸಿಕೊಂಡು ಹೊರಟಳು. ದಾಮೋದರ ಗಲ್ಲಾಕ್ಕೆ ಬೀಗವನ್ನೂ ಹಾಕದೆ ಅವಳ ಬೆನ್ನಿಗೇ ಮೆಟ್ಟಿಲು ಹತ್ತಿದ.

ಅವನು ತಡೆಯುತ್ತಾನೆಂದು ಅವಳು ಕಾದಳು. ಅವನು ತಡೆಯಲಿಲ್ಲ. ಅವಳು ಅನ್ನಕ್ಕೆ ಬೇಳೆ ಕಿವುಚಿ ತಿನ್ನಿಸುತ್ತಿದ್ದರೆ, ಅವನು ಮಂಚದ ಅಂಚಿಗೆ ಕೂತು ಹೊದಿಕೆಯ ಮೇಲಿಂದಲೇ ತಮ್ಮನ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡಿದ್ದ. ಪ್ರತಿ ತುತ್ತಿಗೂ ಅವನ ಮುಖ ಬಿಳಿಚುತ್ತಿತ್ತು. ದಿವಾಕರ ಅಣ್ಣನನ್ನು ನೋಡುತ್ತಲೇ ನುಂಗಿದ. ಬಟ್ಟಲು ಅರ್ಧವಾಯಿತು. ಹೊಟ್ಟೆಗೆ ಏನೂ ಆಗಲಿಲ್ಲ. ಕನಿಕರಪಡುವಷ್ಟು ವ್ಯವಧಾನ ನಾಗವೇಣಿಗೆ ಇರಲಿಲ್ಲ. ಅವಳ ಸಿಟ್ಟು ಇನ್ನೂ ಕುದಿಯುತ್ತಲೇ ಇತ್ತು.

"ಸಾಕು ಕೂತದ್ದು. ಏಳಿ, ಕಿಟಕಿ ತನಕ ನಡೀರಿ," ಎಂದು ಗಂಡನ ಹೊದಿಕೆ ಎಳೆದು, ಅವನ ಒಂದು ತೋಳನ್ನು ಹಿಡಿದಳು. "ಆ ಕಡೆ ನೀವು ಹಿಡೀರಿ ಭಾವ."

ದಾಮೋದರ ಇನ್ನೊಂದು ತೋಳನ್ನು ಹಿಡಿದ. ಹಿಡಿದವನು ಹಾಗೇ ನಿಂತುಬಿಟ್ಟ. ಇಷ್ಟು ದಿನವೂ ಅವನು ನೋಡಿದ್ದು ಹೊದಿಕೆಯ ಮೇಲಿನ ಮುಖವನ್ನು ಮಾತ್ರ. ಈಗ ತಮ್ಮನ ತೋಳನ್ನು ಸುತ್ತಿದ ಅವನ ಹೆಬ್ಬೆರಳು, ನಡುಬೆರಳು ಒಂದಕ್ಕೊಂದು ತಾಗಿದ್ದವು. ಅವನು ಕೈ ಸಡಿಲಿಸಿ, ಇನ್ನಷ್ಟು ಮೇಲೆ, ಭುಜದ ಹತ್ತಿರ ಹಿಡಿದು ನೋಡಿದ.

ಅಲ್ಲಿಯೂ ತಾಗಿದವು.