ಎರಡು ಬೆರಳಷ್ಟು ಬಟ್ಟೆ

ಕೋಟಿನ ಕೊನೆಯ ಗುಂಡಿ ಹಾಕುವಾಗ ಸೊಸೆ ಉಸಿರು ಬಿಗಿಹಿಡಿದದ್ದನ್ನು ಟೈಲರಮ್ಮ ನೋಡಿದಳು. ನೋಡಿಯೂ ತನ್ನ ಕೈಕೆಲಸಕ್ಕೆ ತಾನೇ ಬೀಗಿದಳು.

"ಎಲ್ಲಿ, ತಿರುಗು. ಬೆನ್ನಲ್ಲಿ ಒಂದೇ ಒಂದು ಸುಕ್ಕು ತೋರಿಸು, ಈ ಮಿಷನ್ನು ಇವತ್ತೇ ಮಾರಿಬಿಡ್ತೀನಿ!"

ಸೊಸೆ ನಿಲುವುಗನ್ನಡಿಯಲ್ಲಿ ನೋಡಿಕೊಂಡು ನಕ್ಕಳು. ಕಡುಗೆಂಪು ಕೋಟು ಮೈಗೆ ಎರಕ ಹೊಯ್ದಂತೆ ಕೂತಿತ್ತು. ಮಗು ಹುಟ್ಟಿ ಎಂಟು ತಿಂಗಳಾಗಿತ್ತು. ಬಿಟ್ಟಿದ್ದ ಹೋಟೆಲಿನ ಕೆಲಸಕ್ಕೆ ಮತ್ತೆ ಕರೆದಿದ್ದರು, ಆದರೆ ಮೂರು ತಿಂಗಳು ನೋಡುತ್ತೇವೆ, ಆಮೇಲೆ ಕಾಯಂ ಎಂದಿದ್ದರು. ಬಂದವರನ್ನು ನಗುಮುಖದಿಂದ ಎದುರುಗೊಳ್ಳುವ ಕೌಂಟರಿನ ಕೆಲಸ. ಸಮವಸ್ತ್ರಕ್ಕೆ ಬಟ್ಟೆ ಹೋಟೆಲಿನದು, ಹೊಲಿಗೆ ಅವರವರದು. ಬಟ್ಟೆ ಕೊಡುವಾಗ ಸೂಪರ್‌ವೈಸರ್ ಮೇಡಂ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೌಂಟರಲ್ಲಿ ನಿಂತೋರೇ ಹೋಟೆಲಿನ ಮುಖ ಕಣಮ್ಮ. ಹೊಟ್ಟೆ ಕಡೆ ಸ್ವಲ್ಪ ಗಮನ ಕೊಡು" ಎಂದಿದ್ದರಂತೆ. ಅದನ್ನು ಸೊಸೆ ಮನೆಯಲ್ಲಿ ನಗುತ್ತಲೇ ಹೇಳಿದ್ದಳು.

ನಗು ಎಷ್ಟು ಹೊತ್ತಿನದು ಎಂಬುದು ಅಳತೆಯ ದಿನ ಗೊತ್ತಾಗಿತ್ತು. ಟೇಪು ಸುತ್ತಿದರೆ ಸೊಂಟ ಹಲಗೆಯ ಹಾಗೆ ಗಟ್ಟಿ.

"ಏನೇ ಇದು, ಒಳಗೆ ರಟ್ಟು ಇಟ್ಕೊಂಡಿದೀಯಾ?"

"ಹೊಟ್ಟೆ ಒಳಗೆ ಹೋಗಕ್ಕೆ ಅತ್ತೆ. ಶೇಪ್‌ವೇರ್ ಅಂತಾರೆ. ಎಲ್ಲರೂ ಹಾಕ್ಕೋತಾರೆ."

ಎದೆಯ ಕೆಳಗಿನಿಂದ ಅರ್ಧ ತೊಡೆಯವರೆಗೆ ಮೈಬಣ್ಣದ ಬಿಗಿ ಉಡುಪು. ಅದನ್ನು ಏರಿಸಿಕೊಳ್ಳುವುದೇ ದಿನಾ ಬೆಳಗಿನ ಕುಸ್ತಿ. ಟೈಲರಮ್ಮ ಟೇಪು ನೋಡಿದಳು. ಮೂರು ಇಂಚು ಮಾಯ! ಬಿಚ್ಚಿಟ್ಟು ಬಾ ಎನ್ನಬೇಕಾಗಿದ್ದ ಬಾಯಿ "ಪರವಾಗಿಲ್ವೇ!" ಎಂದಿತು. ಅದೇ ಅಳತೆಯನ್ನು ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಅಷ್ಟಕ್ಕೇ ಬಿಟ್ಟಿದ್ದರೆ ಅರ್ಧ ತಪ್ಪಷ್ಟೇ ಆಗುತ್ತಿತ್ತು. ಮೂವತ್ತು ವರ್ಷದಿಂದ ಅವಳು ಯಾರಿಗೆ ಏನೇ ಹೊಲಿಯಲಿ, ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಡುತ್ತಿದ್ದಳು. ಮೈ ಅಂದಮೇಲೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ನಾಳೆ ಬಂದು ಸಡಿಲ ಮಾಡಿಕೊಡಿ ಎಂದರೆ ಬಿಚ್ಚುವುದಕ್ಕೆ ಏನಾದರೂ ಇರಬೇಕಲ್ಲ. ಆದರೆ ಈ ದಪ್ಪ ಬಟ್ಟೆಯಲ್ಲಿ ಆ ಎರಡು ಬೆರಳು ಹೊರಗಿನಿಂದ ಉಬ್ಬಿ ಕಾಣುತ್ತಿತ್ತು. ತನ್ನ ಸೊಸೆ ಅಂಗಡಿಯ ಗಾಜಿನೊಳಗಿನ ಬೊಂಬೆಯ ಹಾಗೆ ಕಾಣಬೇಕೆಂಬ ಆಸೆ ಬೇರೆ. ಕಚಕಚನೆ ಕತ್ತರಿಸಿಬಿಟ್ಟಳು. ಮಿಕ್ಕ ಬಟ್ಟೆಯಲ್ಲಿ ಮೊಮ್ಮಗನಿಗೆ ಒಂದು ಕೆಂಪಾನೆ ಹೊಲಿದು, ಚಿಂದಿಯನ್ನೆಲ್ಲ ಅದರ ಹೊಟ್ಟೆಗೆ ತುಂಬಿದಳು.

ಆರನೇ ವಾರದ ಒಂದು ಮಧ್ಯಾಹ್ನ ಹೋಟೆಲಿನಿಂದ ಫೋನು ಬಂತು. ಸೊಸೆ ಕೌಂಟರಿನ ಹಿಂದೆ ಕುಸಿದುಬಿದ್ದಿದ್ದಳು.

ಸೂಜಿಯ ಕೆಳಗಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, ಮಗುವನ್ನು ಸೊಂಟಕ್ಕೇರಿಸಿಕೊಂಡು ಟೈಲರಮ್ಮ ಆಸ್ಪತ್ರೆಗೆ ಓಡಿದಳು. ಸೊಸೆಗೆ ಎಚ್ಚರವಿತ್ತು. ಡಾಕ್ಟರಮ್ಮ ಒಂದೊಂದಾಗಿ ಕೇಳುತ್ತಿದ್ದರು. ಅತ್ತೆಗೆ ಗೊತ್ತಿಲ್ಲದ್ದೆಲ್ಲ ಒಂದೊಂದಾಗಿ ಹೊರಗೆ ಬರುತ್ತಿತ್ತು. ಊಟವಾದ ಮೇಲೆ ಎದೆಯುರಿ. ಬಲತೊಡೆಯ ಹೊರಮಗ್ಗುಲು ಸದಾ ಜೋಮು, ಚಿವುಟಿದರೂ ಗೊತ್ತಾಗುವುದಿಲ್ಲ. 'ನಮಸ್ಕಾರ, ಬನ್ನಿ, ಪ್ರಯಾಣ ಚೆನ್ನಾಗಿತ್ತಾ' ಎಂಬಷ್ಟನ್ನು ಒಂದೇ ಉಸಿರಿಗೆ ಹೇಳಿ ಮುಗಿಸಲಾಗುತ್ತಿರಲಿಲ್ಲ.

"ಇಲ್ಲಿ ನೋಡಿ" ಎಂದು ಡಾಕ್ಟರಮ್ಮ ಹೊದಿಕೆ ಸರಿಸಿದರು. ಹೊಟ್ಟೆಯ ಸುತ್ತ ಕೆಂಪು ಬರೆಗಳು. ಸೊಂಟದ ಮೂಳೆಯ ಬಳಿ ಚರ್ಮ ಕಿತ್ತುಬಂದಿತ್ತು. "ದಿನಕ್ಕೆ ಹತ್ತು ಗಂಟೆ ಹೀಗೆ ಬಿಗಿದ್ರೆ ಹೊಟ್ಟೆಲಿರೋ ಹುಳಿ ಮೇಲಕ್ಕೆ ಬರದೆ ಇನ್ನೆಲ್ಲಿಗೆ ಹೋಗುತ್ತೆ? ತೊಡೆಗೆ ಹೋಗೋ ನರ ಇಲ್ಲಿ ಒತ್ತಿಹೋಗಿದೆ. ಪೂರ್ತಿ ಉಸಿರಾಡಕ್ಕೂ ಜಾಗ ಇಲ್ಲ. ಹೆದರ್ಬೇಡಿ, ಇದನ್ನ ಬಿಟ್ರೆ ನಿಧಾನಕ್ಕೆ ವಾಸಿಯಾಗುತ್ತೆ. ಆದ್ರೆ ಬಿಡ್ಬೇಕು."

ಮನೆಗೆ ಬಂದು ಕೂತ ಮೇಲೆ ಟೈಲರಮ್ಮನಿಗೆ ತಡೆಯಲಾಗಲಿಲ್ಲ.

"ಬಾಯಲ್ಲಿ ಏನಿಟ್ಕೊಂಡಿದ್ದೆ? ಒಂದು ಮಾತು ಹೇಳಕ್ಕೇನಾಗಿತ್ತು?"

"ಹೇಳಿ ಏನು ಮಾಡ್ಲಿ ಅತ್ತೆ?" ಸೊಸೆ ತಲೆ ತಗ್ಗಿಸಿದಳು. "ಎರಡನೇ ವಾರಾನೇ ಅದಿಲ್ದೆ ಹೋಗೋಣ ಅಂತ ನೋಡ್ದೆ. ಕೋಟಿನ ಗುಂಡಿ ಕಾಜದ ಹತ್ರಾನೂ ಬರ್ಲಿಲ್ಲ. ಕೋಟಿಲ್ದೆ ಕೌಂಟರಲ್ಲಿ ನಿಲ್ಲಿಸಲ್ಲ. ನೀವೋ, ಬೀದಿಯೋರನ್ನೆಲ್ಲ ಕರೆದು ತೋರಿಸಿದ್ರಿ. ಅಷ್ಟು ಇಷ್ಟಪಟ್ಟು ಹೊಲಿದಿದ್ದು ಸರಿಯಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಟೈಲರಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಂಗಡಿಯಿಂದ ತಂದ ಆ ಉಡುಪನ್ನು ಹುಡುಗಿ ಎಂದೋ ಬಿಸಾಡಿರುತ್ತಿದ್ದಳು. ಬಿಸಾಡದ ಹಾಗೆ ಮಾಡಿದ್ದು ತನ್ನ ಕತ್ತರಿ. ಇಷ್ಟು ನಾಚಿಕೆ ಅವಳಿಗೆ ಈ ಕಸುಬಿನಲ್ಲಿ ಎಂದೂ ಆಗಿರಲಿಲ್ಲ.

ಕೋಟನ್ನು ಒಳಹೊರಗು ಮಾಡಿ ಬೆಳಕಿಗೆ ಹಿಡಿದಳು. ಬಿಚ್ಚಿ ಸಡಿಲ ಮಾಡಲು ಒಂದು ನೂಲಿನಷ್ಟೂ ಬಟ್ಟೆ ಇರಲಿಲ್ಲ. ಈ ಬಣ್ಣ ಪೇಟೆಯಲ್ಲಿ ಸಿಗುವುದಿಲ್ಲ, ಹೋಟೆಲಿನವರು ಎರಡನೇ ಸಲ ಬಟ್ಟೆ ಕೊಡುವುದಿಲ್ಲ. ಸೋಮವಾರ ಕೆಲಸಕ್ಕೆ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಗಲೇ ಹೇಳಿಕಳಿಸಿದ್ದರು. ಟೈಲರಮ್ಮ ಕೋಟನ್ನು ಮಡಿಲಿಗೆ ಇಳಿಸಿದಳು. ನೆಲದ ಮೇಲೆ ಮೊಮ್ಮಗ ಕೆಂಪಾನೆಯ ಕಿವಿ ಚೀಪುತ್ತಿದ್ದ.

ಆನೆಗೂ ಅಜ್ಜಿಗೂ ಕಣ್ಣಿಗೆ ಕಣ್ಣು ಸೇರಿತು.

"ಕೊಡೋ ಬಂಗಾರ, ಕೊಡೋ ನನ್ನ ರಾಜ. ನಿಮ್ಮಮ್ಮಂಗೆ ಬೇಕು ಕಣೋ."

ರಾಜ ಕೊಡಲಿಲ್ಲ. ಮರದ ಸ್ಕೇಲು ಕೊಟ್ಟು, ಬಾಗಿಲಾಚೆಯ ಬೆಕ್ಕು ತೋರಿಸಿ, ಕೊನೆಗೆ ಕಿತ್ತುಕೊಂಡೇ ತರಬೇಕಾಯಿತು. ಮನೆ ಹಾರಿಹೋಗುವಂತೆ ಅತ್ತ. ಸೊಸೆ ಅವನನ್ನು ಎತ್ತಿಕೊಂಡು ತಟ್ಟುತ್ತ, "ಆನೆ ಬಿಚ್ಚಿದ್ರೆ ಎಷ್ಟು ಬಟ್ಟೆ ಬರುತ್ತೆ ಅತ್ತೆ?" ಎಂದಳು. ಆ ದಿನ ಅವಳ ದನಿಯಲ್ಲಿ ಮೊದಲ ಸಲ ನಗು ಇಣುಕಿತು.

"ಬೆನ್ನಿನದು ಒಂದು ಪಕ್ಕಕ್ಕೆ, ಹೊಟ್ಟೇದು, ಸೊಂಡಿಲಿಂದು ಇನ್ನೊಂದು ಪಕ್ಕಕ್ಕೆ. ಕಾಲು ನಾಲ್ಕನ್ನೂ ಸೇರಿಸಿ ಒಳಗೆ ಬಿಡ್ತೀನಿ. ಬಾ ಇಲ್ಲಿ, ನಿಂತ್ಕೋ. ಉಸಿರು ಎಳ್ಕೋ. ಕದ್ದು ಅಲ್ಲ, ಪೂರ್ತಿ!"

ಸೋಮವಾರ ಸೊಸೆ ಆ ಕೋಟು ಹಾಕಿಕೊಂಡು ಹೋದಳು. ಎರಡು ಪಕ್ಕದಲ್ಲೂ ಜೋಡಣೆಯ ಗೆರೆ ಕಾಣುತ್ತಿತ್ತು. ಎಷ್ಟು ಇಸ್ತ್ರಿ ಮಾಡಿದರೂ ಆನೆಯ ಸೊಂಡಿಲಿನದೊಂದು ತುಂಡು ಸ್ವಲ್ಪ ಮುದುರಿಕೊಂಡೇ ಇತ್ತು. ಟೈಲರಮ್ಮ ಅಂದು ಎರಡು ಸಲ ದಾರ ತಪ್ಪಿ ಪೋಣಿಸಿದಳು. ಸಂಜೆ ಸೊಸೆ ಚಪ್ಪಲಿ ಬಿಡುವ ಮುಂಚೆಯೇ ಹಿಡಿದುಕೊಂಡಳು.

"ಏನಂದ್ರು?"

"ಮೇಡಂ ಬಂದು ಪಕ್ಕ ಮುಟ್ಟಿ ನೋಡಿದ್ರು. ಇದೇನಿದು ಜೋಡಣೆ ಅಂದ್ರು."

"ನೀನೇನಂದೆ?"

"ಉಸಿರಾಡಕ್ಕೆ ಮೇಡಂ ಅಂದೆ. ಡಾಕ್ಟರಮ್ಮ ಹೇಳಿದ್ದೆಲ್ಲ ಹೇಳ್ದೆ. ಅವ್ರು ಏನೂ ಅನ್ನಲಿಲ್ಲ. ಸುಮ್ನೆ ನಿಂತಿದ್ರು, ಆಮೇಲೆ ಹೊರಟುಹೋದ್ರು."

ಆ ಮೌನ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಾಗದೆ ಅತ್ತೆ ಸೊಸೆ ಇಬ್ಬರೂ ವಾರವೆಲ್ಲ ಕಳೆದರು. ಭಾನುವಾರ ಸಂಜೆ ಮನೆಮುಂದಿನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಎತ್ತರದ ಹೆಂಗಸೊಬ್ಬರು ಕೈಚೀಲ ಹಿಡಿದು ನಿಂತಿದ್ದರು. ಸೊಸೆ ದಡಬಡಿಸಿ ಎದ್ದಳು. "ಮೇಡಂ, ನೀವು!"

ಸೂಪರ್‌ವೈಸರ್ ಮೇಡಂ ಚೀಲದಿಂದ ಅದೇ ಕಡುಗೆಂಪಿನ ಕೋಟು ತೆಗೆದು ಮೇಜಿನ ಮೇಲಿಟ್ಟರು. ಟೈಲರಮ್ಮನ ಮುಖ ನೋಡದೆ, "ಒಳಗೆ ಬಟ್ಟೆ ಬಿಟ್ಟಿದಾರಾ ನೋಡಿ" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು: "ಆ ತೊಡೆ ಜೋಮು... ನಿಂಗೆ ಹೋಯ್ತಾ?"

"ಕಮ್ಮಿ ಆಗ್ತಿದೆ ಮೇಡಂ. ಈಗ ಚಿವುಟಿದ್ರೆ ನೋಯುತ್ತೆ."

"ನಂಗೆ ನಾಲ್ಕು ವರ್ಷ ಆಯ್ತು."

"ಹಾಗಾದ್ರೆ ಡಾಕ್ಟರಮ್ಮನ್ನೂ ನೋಡ್ಲೇಬೇಕು ಮೇಡಂ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ."

ಟೈಲರಮ್ಮ ಕೋಟು ಒಳಹೊರಗು ಮಾಡಿದಳು. ಪಕ್ಕದ ಹೊಲಿಗೆಯ ಒಳಗೆ, ಎರಡೂ ಕಡೆ, ಎರಡು ಬೆರಳಷ್ಟು ಬಟ್ಟೆ ಮಡಿಸಿಕೊಂಡು ಕೂತಿತ್ತು. "ಯಾರೋ ಪುಣ್ಯಾತ್ಮ ಬಿಟ್ಟಿದಾನೆ" ಎಂದು ಟೇಪು ತೆಗೆದು ಮೇಡಂ ಅವರ ಸೊಂಟಕ್ಕೆ ಸುತ್ತಿದಳು. ಹಲಗೆಯ ಹಾಗೆ ಗಟ್ಟಿ. ಈ ಸಲ ಅವಳು ಅಳತೆ ಬರೆದುಕೊಳ್ಳಲಿಲ್ಲ.

"ಪರದೆ ಹಿಂದೆ ಹೋಗಿ, ಅದನ್ನ ಬಿಚ್ಚಿಟ್ಟು ಬನ್ನಿ."

ಸೊಸೆ ಹೋಗಿ ಪರದೆ ಸರಿಸಿ ಹಿಡಿದಳು.

ಹೊರಗೆ ಬಂದಾಗ ಅವರ ಎರಡೂ ಕೈ ಹೊಟ್ಟೆಯ ಮೇಲೆ ಅಡ್ಡ ಇದ್ದವು. ಟೈಲರಮ್ಮ ಆ ಕೈಗಳನ್ನು ಮೆಲ್ಲಗೆ ಸರಿಸಿ ಟೇಪು ಸುತ್ತಿ, "ಉಸಿರು ತಗೊಳ್ಳಿ" ಎಂದಳು.

"ಎಷ್ಟು?"

"ಎಷ್ಟು ಬರುತ್ತೋ ಅಷ್ಟು."

ಅವರು ಕಣ್ಣು ಮುಚ್ಚಿಕೊಂಡರು. ಟೇಪು ಟೈಲರಮ್ಮನ ಬೆರಳ ಸಂದಿಯಿಂದ ನಿಧಾನಕ್ಕೆ ಜಾರತೊಡಗಿತು. ಅವಳು ಅದನ್ನು ಹಿಡಿದು ನಿಲ್ಲಿಸಲಿಲ್ಲ.